ನೋಮಿಯಲ್ಲಿ ಒಂದು ಬಾಣಂತನ

ಜಪಾನಿನಿಂದ ಬಂದ ಮೇಲೆ ನಮ್ಮ ಬೀದಿಯವರು ಕೇಳಿದ ಮೊದಲ ಪ್ರಶ್ನೆ, "ಫ್ಯೂಜಿ ಪರ್ವತ ನೋಡಿದ್ರಾ?" ನೋಡಲಿಲ್ಲ. "ಬುಲೆಟ್ ಟ್ರೇನ್?" ಹತ್ತಲಿಲ್ಲ. "ಮತ್ತೆ ಮೂರು ತಿಂಗಳು ಏನ್ ಮಾಡಿದ್ರಿ?" ಮಗಳ ಬಾಣಂತನ ಮಾಡಿದೆ ಎಂದರೆ ಅವರಿಗೆ ಅಷ್ಟು ಸಾಕು, ಪುಣ್ಯದ ಕೆಲಸ ಎಂದು ತಲೆದೂಗಿ ಹೋಗುತ್ತಾರೆ. ನಾನು ಮಾಡಿಬಂದದ್ದು ಪುಣ್ಯದ ಕೆಲಸವಲ್ಲ. ಒಂದೂವರೆ ವರ್ಷದಿಂದ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಮಗಳ ಮನೆಗೆ ಬಾಣಂತನಕ್ಕೆಂದು ಪರದೇಶಕ್ಕೆ ಹೊರಟಿರುವ ಅಮ್ಮಂದಿರು ಈಗ ಬೀದಿಗಿಬ್ಬರು ಸಿಗುತ್ತಾರೆ. ಅವರಲ್ಲಿ ಒಬ್ಬಳಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಒಂದು ಮಾತು. ಮೂವತ್ತೊಂದು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಕೊನೆಯ ಹನ್ನೆರಡು ವರ್ಷ ಮದುವೆ ನೋಂದಣಿಯ ಮೇಜು ನನ್ನದಾಗಿತ್ತು. ಯಾವ ಅರ್ಜಿ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ಕವರಿನ ದಪ್ಪ ನೋಡಿಯೇ ಹೇಳುತ್ತಿದ್ದೆ. ಆ ಜಂಬವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ವಿಮಾನ ಹತ್ತಿದ್ದೆ.

ಟೋಕಿಯೋ, ಆಮೇಲೆ ಕೊಮಾತ್ಸು

ಟೋಕಿಯೋ ವಿಮಾನ ನಿಲ್ದಾಣದ ಸುಂಕದವರು ನನ್ನ ಪೆಟ್ಟಿಗೆ ತೆಗೆಸಿದರು. ಬಜೆ, ಜಾಯಿಕಾಯಿ, ಅಳಲೆಕಾಯಿ, ಒಣಶುಂಠಿ, ಕಾಳುಮೆಣಸಿನ ಪುಡಿ, ಅಂಟಿನುಂಡೆ, ಸಾಂಬ್ರಾಣಿ, ಎರಡು ಡಬ್ಬ ಲೇಹ್ಯ. ಬಿಳಿ ಕೈಗವಸು ತೊಟ್ಟ ಹುಡುಗನೊಬ್ಬ ಒಂದೊಂದು ಪೊಟ್ಟಣವನ್ನೂ ಎರಡು ಕೈಯಲ್ಲಿ ಎತ್ತಿ, ಮೂಸಿ, ಎಲ್ಲಿತ್ತೋ ಅಲ್ಲೇ ಇಟ್ಟ. ಕಡೆಗೆ ಕೈಯಲ್ಲೇ ಹೊಟ್ಟೆಯನ್ನೂ ಮಗುವನ್ನೂ ಅಭಿನಯಿಸಿ ತೋರಿಸಿದೆ. ಅವನು ನನ್ನ ಹೊಟ್ಟೆಯನ್ನು ನೋಡಿ, ನನ್ನ ನೆರೆತ ಕೂದಲನ್ನು ನೋಡಿ, ಏನೂ ಕೇಳದೆ ಬಾಗಿ ನಮಸ್ಕರಿಸಿ ಬಿಟ್ಟುಬಿಟ್ಟ.

ಅಲ್ಲಿಂದ ಇನ್ನೊಂದು ಪುಟ್ಟ ವಿಮಾನ ಹಿಡಿದು ಕೊಮಾತ್ಸುವಿನಲ್ಲಿ ಇಳಿದರೆ ತುಂಬು ಬಸುರಿ ನಂದಿನಿ, ಪಕ್ಕದಲ್ಲಿ ಅವಳ ಗಂಡ ಯೂಜಿ. ನಂದಿನಿ ನೋಮಿ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಪಿಎಚ್‌.ಡಿ. ಮಾಡಲು ಹೋದವಳು ಅಲ್ಲೇ ಸಂಶೋಧಕಿಯಾಗಿ ಉಳಿದಳು. ಯೂಜಿ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಮದುವೆಯಾಗಿ ನಾಲ್ಕು ವರ್ಷ. ಮಿತಭಾಷಿ ಎಂದರೆ ಅವನಿಗೆ ಕಡಿಮೆಯಾಯಿತು. ಕನ್ನಡದಲ್ಲಿ ಅವನಿಗೆ ಬರುತ್ತಿದ್ದದ್ದು ಒಂದೇ ವಾಕ್ಯ. ಬೆಳಗಾಗಲಿ, ಸಂಜೆಯಾಗಲಿ, "ಅಮ್ಮ, ಊಟ ಆಯ್ತಾ?"

ಅವನ ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದು ಕುಳಿತ ನಂದಿನಿ ತನ್ನ ಅರ್ಜಿಯ ವಿಷಯ ತೆಗೆದಳು.

"ಪರ್ಮನೆಂಟ್ ರೆಸಿಡೆನ್ಸಿಗೆ ಅಪ್ಲೈ ಮಾಡಿದೀನಮ್ಮ. ಈಗ ನಾನಿಲ್ಲಿ ಇರೋದು ಯೂಜಿ ಹೆಂಡ್ತಿ ಅನ್ನೋ ವೀಸಾ ಮೇಲೆ. ನಾಳೆ ಅವರಿಗೇನಾದ್ರೂ ಆದ್ರೆ ಆರು ತಿಂಗಳು. ಆಮೇಲೆ ಇಲ್ಲಿರೋಕೆ ಬೇರೆ ಕಾರಣ ಹುಡುಕ್ಬೇಕು."

"ಬಿಡ್ತು ಅನ್ನೇ!"

"ಬಿಡ್ತು. ಆದ್ರೆ ಇದು ಭೂಕಂಪದ ದೇಶ ಅಲ್ವಾ? ಪರ್ಮನೆಂಟ್ ಸಿಕ್ಕಿದ್ರೆ ಆ ಕಂಡೀಷನ್ ಹೋಗುತ್ತೆ. ಆಗ ನಾನು ಸುಮ್ನೆ ಹೆಂಡ್ತಿ ಆಗಿರ್ಬಹುದು."

"ಹುಟ್ಟೋ ಮಗುಗೆ?"

"ಮಗು ಜಪಾನೀಸ್. ಅದಕ್ಕೆ ಯಾರ ಪರ್ಮಿಷನ್ನೂ ಬೇಡ."

ಹೆತ್ತವಳು ಅಪ್ಪಣೆ ಕೇಳಬೇಕು, ಹುಟ್ಟಿದ್ದು ಕೇಳಬೇಕಾಗಿಲ್ಲ. ಎಂಥ ನ್ಯಾಯವೋ ಎಂದುಕೊಂಡೆ. ಹೆರಿಗೆಗೆ ಅವಳು ಮೈಸೂರಿಗೆ ಬಾರದೇ ಇದ್ದದ್ದೂ ಇದೇ ಅರ್ಜಿಗಾಗಿ. ಅರ್ಜಿ ಹಾಕಿ ನಾಲ್ಕು ತಿಂಗಳು ದೇಶದಲ್ಲೇ ಇಲ್ಲವೆಂದರೆ ಚೆನ್ನಾಗಿ ಕಾಣುವುದಿಲ್ಲವಂತೆ. ಮಗಳಿಗೆ ತವರಿಗೆ ಬರಲಾಗಲಿಲ್ಲ, ಆದ್ದರಿಂದ ನಾನೇ ತವರನ್ನು ಎರಡು ಪೆಟ್ಟಿಗೆಯಲ್ಲಿ ತುಂಬಿಕೊಂಡು ಅವಳಿದ್ದಲ್ಲಿಗೆ ಹೊತ್ತೊಯ್ದಿದ್ದೆ.

ನೋಮಿ, ಮೊದಲ ದಿನಗಳು

ನೋಮಿ ಎಂದರೆ ಗದ್ದೆ, ಗುಡ್ಡ, ನಡುನಡುವೆ ಕಾರ್ಖಾನೆ. ರಸ್ತೆಯಲ್ಲಿ ಮನುಷ್ಯರಿಗಿಂತ ಕಾರುಗಳೇ ಹೆಚ್ಚು. ಮನೆ ಎರಡನೆಯ ಮಹಡಿಯಲ್ಲಿ, ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲ ಪಕ್ಕದಲ್ಲೇ ಎರಡು ಕೆಂಪು ಚೀಲಗಳು: ಭೂಕಂಪವಾದರೆ ಎತ್ತಿಕೊಂಡು ಓಡಲು ನೀರು, ಟಾರ್ಚು, ಬಿಸ್ಕತ್ತು, ಕಾಗದಪತ್ರ. ಒಂದರ ಮೇಲೆ ನಂದಿನಿಯ ಹೆಸರು, ಇನ್ನೊಂದರ ಮೇಲೆ ಯೂಜಿಯದು.

ಅಕ್ಟೋಬರಿನ ಮೊದಲ ವಾರ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯಲ್ಲಿ ಹಸಿ ಬಾಣಂತಿಗೆ ತಣ್ಣನೆಯ ಸೊಪ್ಪು, ಹಸಿ ಸೌತೆಕಾಯಿ ಕೊಟ್ಟದ್ದನ್ನು ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡಿದ್ದೆ. ಮನೆಗೆ ಕರೆತಂದ ದಿನದಿಂದ ನನ್ನ ರಾಜ್ಯ ಶುರುವಾಯಿತು.

ಮೊದಲ ದಿನವೇ ಎಣ್ಣೆನೀರು ಹಾಕಿ, ತಲೆಗೆ ಸಾಂಬ್ರಾಣಿ ಹೊಗೆ ಹಿಡಿದೆ. ಸೂರಿನಲ್ಲಿದ್ದ ಯಂತ್ರ ಹೆಣ್ಣು ದನಿಯಲ್ಲಿ ಏನೋ ಕಿರುಚತೊಡಗಿತು. ಬೆಂಕಿ, ಬೆಂಕಿ ಎಂದು ಕೂಗುವ ಗಂಟೆಯಂತೆ ಅದು. ಕೆಳಮನೆಯ ಮುದುಕಿ ತನಾಬೆ-ಸಾನ್, ಅಂದರೆ ತನಾಬೆಯವರು, ಏದುಸಿರು ಬಿಡುತ್ತ ಮೇಲೆ ಬಂದರು. ನಂದಿನಿ ತಲೆಗೆ ಬಟ್ಟೆ ಸುತ್ತಿಕೊಂಡೇ ಬಾಗಿಲಲ್ಲಿ ನಿಂತು ಹತ್ತು ಸಲ ಸುಮಿಮಾಸೆನ್ ಹೇಳಿ ಬಗ್ಗಿದಳು. ತನಾಬೆ-ಸಾನ್ ಕೂಡ, ತೊಂದರೆ ಕೊಟ್ಟವರು ತಾವೇ ಎಂಬಂತೆ, ಸುಮಿಮಾಸೆನ್ ಎಂದು ಬಗ್ಗಿದರು. ಕ್ಷಮಿಸಿ, ಸ್ವಲ್ಪ ಜಾಗ ಬಿಡಿ, ಧನ್ಯವಾದ, ಎಲ್ಲದಕ್ಕೂ ಅಲ್ಲಿ ಅದೊಂದೇ ಮಾತು. ಮಾರನೆಯ ದಿನದಿಂದ ಆ ಯಂತ್ರಕ್ಕೆ ನಾನು ಸ್ನಾನದ ಟೋಪಿ ತೊಡಿಸಿ ಹೊಗೆ ಹಾಕುತ್ತಿದ್ದೆ.

ಅಂದೇ ಸಂಜೆ ಯೂಜಿಯ ಹಾಸಿಗೆ ಬಾಣಂತಿಯ ಪಕ್ಕದಲ್ಲಿ ಬಿಚ್ಚಿಕೊಂಡದ್ದು ನೋಡಿದೆ.

"ನಂದು, ಅಳಿಯಂದ್ರು ಎಲ್ಲಿ ಮಲಗ್ತಾರೆ?"

"ಇಲ್ಲೇ. ಇನ್ನೆಲ್ಲಿ?"

"ಬಾಣಂತಿ ಕೋಣೇಲಾ? ಚೆನ್ನಾಯ್ತು. ನೀನು ಹುಟ್ಟಿದಾಗ ನಿಮ್ಮಪ್ಪ ಮೂರು ತಿಂಗಳು ಒಳಕೋಣೆ ಹೊಸಿಲು ತುಳಿದವರಲ್ಲ."

"ಅಮ್ಮ, ಅದು ನಿನ್ನ ತವರು. ಇದು ಅವರ ಮನೆ."

"ಮನೆ ಯಾರದಾದ್ರೇನು, ಮೈ ನಿಂದು ತಾನೇ? ಹಸಿ ಮೈ. ನಾಳೆ ಸೊಂಟನೋವು ಬಂದ್ರೆ ಅವರು ಬಂದು ಉಜ್ತಾರಾ?"

ಇನ್ನೊಂದು ಕೋಣೆ ಇರಲಿಲ್ಲವೇ ಎಂದು ಕೇಳುವಿರಿ. ಅದರಲ್ಲಿ ನಾನಿದ್ದೆ. ಅತ್ತೆ ಮಲಗಿದ ಕೋಣೆಯ ಬಾಗಿಲಲ್ಲಿ ಅಳಿಯ ಮಲಗುವುದುಂಟೇ? ಯೂಜಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ. ನಂದಿನಿ ಇಷ್ಟಿಷ್ಟೇ ಜಪಾನೀಯಲ್ಲಿ ಹೇಳಿದಳು. ಅವನು ನನ್ನತ್ತ ತಿರುಗಿ, ಪರವಾಗಿಲ್ಲ ಎಂಬರ್ಥದಲ್ಲಿ ನಕ್ಕ. "ಅಮ್ಮ, ಡೈಜೋಬು. ಕಂಪನಿ ರೂಮ್." ಕಾರ್ಖಾನೆಯಲ್ಲಿ ದೂರದಿಂದ ಬರುವವರಿಗೆ ಕೋಣೆಗಳಿವೆ, ಅಲ್ಲಿರುತ್ತೇನೆ ಎಂದನಂತೆ.

ಎಂಥ ಅಳಿಯ! ಹೇಳಿದ್ದಕ್ಕೆ ಎದುರಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ನಮ್ಮ ತಂಗಿಗೆ ಫೋನ್ ಮಾಡಿ, ನಿನ್ನ ಇಬ್ಬರು ಕನ್ನಡದ ಅಳಿಯಂದಿರಿಗಿಂತ ನನ್ನ ಜಪಾನಿನವನೇ ವಾಸಿ ಎಂದು ಹೊಟ್ಟೆ ಉರಿಸಿದೆ. ಅವನ ಬಟ್ಟೆ, ಕ್ಷೌರದ ಸಾಮಾನು, ಹಲ್ಲುಜ್ಜುವ ಬ್ರಷ್ಷು, ಬೂಟು, ಎಲ್ಲವನ್ನೂ ಎರಡು ಬ್ಯಾಗಿಗೆ ತುಂಬಿ ಕೊಟ್ಟೆ. ಸಾಮಾನಿಗೆಂದು ದಿನಾ ಒಳಗೆ ಬರುವುದು ಬೇಡ ಎಂದು. ಅವನ ಕಾಲುಚೀಲವೊಂದೂ ಉಳಿಯದಂತೆ ಕಪಾಟು ಖಾಲಿ ಮಾಡಿ ಅಲ್ಲಿ ಮಗುವಿನ ಬಟ್ಟೆ ಜೋಡಿಸಿದೆ. ಅವನ ಹೆಸರಿನ ಕೆಂಪು ಚೀಲವನ್ನೂ ಹೊರಗಿಟ್ಟಿದ್ದೆ. ಅದೊಂದನ್ನು ಮಾತ್ರ ಅವನು ವಾಪಸ್ ತಂದು ಬಾಗಿಲ ಪಕ್ಕದಲ್ಲೇ ಇಟ್ಟ. ಇರಲಿ, ಗಂಡಸಿಗೆ ಅಷ್ಟಾದರೂ ಹಟ ಬೇಡವೇ ಎಂದು ಸುಮ್ಮನಾದೆ.

ಆಮೇಲಿನ ದಿನಗಳಲ್ಲಿ ಅವನು ಸಂಜೆ ಕೆಲಸ ಮುಗಿಸಿ ತರಕಾರಿ ತಂದುಕೊಟ್ಟು, ಹೊಸಿಲಾಚೆ ಕುಳಿತು ಹತ್ತು ನಿಮಿಷ ಮಗುವನ್ನು ಎತ್ತಿಕೊಂಡು, ನನಗೆ ಬಾಗಿ, ಹೋಗಿಬಿಡುತ್ತಿದ್ದ. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಪರದೆ ಸರಿಸಿದರೆ ಬಿಳಿ ಕಾರು ಕೆಳಗೆ ಬಂದು ನಿಂತಿರುತ್ತಿತ್ತು. ಕಸದ ಚೀಲ ಕೆಳಗಿಳಿಸಲು ಅಷ್ಟು ದೂರದಿಂದ ಅಷ್ಟು ಬೇಗ ಬರುತ್ತಾನಲ್ಲ ಎಂದು ಮೆಚ್ಚಿಕೊಳ್ಳುತ್ತಿದ್ದೆ.

ನಲವತ್ತೊಂದನೆಯ ದಿನ

ಅಂದು ಮಗುವಿಗೂ ನಂದಿನಿಗೂ ಆಸ್ಪತ್ರೆಯಲ್ಲಿ ತಪಾಸಣೆ. ಯೂಜಿ ರಜೆ ಹಾಕಿ ಕರೆದುಕೊಂಡು ಹೋಗಿದ್ದ. ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಕರೆಗಂಟೆ ಸದ್ದಾಯಿತು. ಒಬ್ಬ ವಯಸ್ಸಾದವರು, ಒಬ್ಬಳು ಎಳೆಯ ಹೆಣ್ಣುಮಗಳು. ಇಬ್ಬರೂ ವಲಸೆ ಕಚೇರಿಯ ಗುರುತಿನ ಚೀಟಿ ತೋರಿಸಿದರು. ಹೆಣ್ಣುಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ನಿಮ್ಮ ಮಗಳ ಅರ್ಜಿಗೆ ಸಂಬಂಧಿಸಿದಂತೆ ವಾಸದ ಬಗ್ಗೆ ವಿಚಾರಿಸಲು ಬಂದಿದ್ದೇವೆ, ನಿಮಗೆ ಇಷ್ಟವಿಲ್ಲದಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದಳು.

ಇನ್ನೊಂದು ದಿನ ಬನ್ನಿ ಎನ್ನಬಹುದಿತ್ತು. ಒಂದು ವಾಕ್ಯ. ಆದರೆ ಸ್ಥಳ ತನಿಖೆಗೆ ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲವಲ್ಲ! ಬನ್ನಿ ಬನ್ನಿ ಎಂದು ಒಳಗೆ ಕರೆದೆ. ಕಾಫಿ ಬೇಡವೆಂದರೂ ಮಾಡಿಕೊಟ್ಟೆ. ಇಬ್ಬರೂ ಲೋಟಕ್ಕೆ ನಮಸ್ಕರಿಸಿದರು, ಕುಡಿಯಲಿಲ್ಲ. ಕಾಫಿ ಮುಟ್ಟದ ಅಧಿಕಾರಿ ಅಪಾಯದ ಅಧಿಕಾರಿ ಎಂಬುದು ನಮ್ಮ ಕಚೇರಿಯಲ್ಲಿ ಜವಾನನಿಗೂ ಗೊತ್ತಿದ್ದ ವಿಷಯ. ನನಗೆ ಮರೆತುಹೋಗಿತ್ತು.

ನಾನಾಗಿಯೇ ಮನೆ ತೋರಿಸಿದೆ. ಇದು ಬಾಣಂತಿಯ ಕೋಣೆ. ಗಾಳಿ ಬರದಂತೆ ದಪ್ಪ ಪರದೆ. ಇದು ಲೇಹ್ಯ, ಇದು ಸಾಂಬ್ರಾಣಿ. ಇಲ್ಲಿಗೆ ಗಂಡಸರು ಬರುವಂತಿಲ್ಲ.

"ಗಂಡ ಎಲ್ಲಿ ಮಲಗುತ್ತಾರೆ?" ಎಂದು ಹೆಣ್ಣುಮಗಳು ಕೇಳಿದಳು.

"ಅವರು ಈಗ ಇಲ್ಲಿಲ್ಲ. ನಾನೇ ಹೊರಗೆ ಕಳಿಸಿದ್ದೇನೆ," ಎಂದೆ ಹೆಮ್ಮೆಯಿಂದ.

"ಎಷ್ಟು ದಿನದಿಂದ?"

"ಮಗು ಮನೆಗೆ ಬಂದ ದಿನದಿಂದ."

ಅವಳು ಹಿರಿಯರಿಗೆ ಹೇಳಿದಳು. ಅವರು ಶೂ ಇಡುವ ಕಪಾಟು ತೆರೆಯಬಹುದೇ ಎಂದು ಸನ್ನೆಯಲ್ಲಿ ಕೇಳಿದರು. ಧಾರಾಳವಾಗಿ ನೋಡಿ ಎಂದೆ. ನಂದಿನಿಯ ಎರಡು ಜೊತೆ, ನನ್ನ ಒಂದು ಜೊತೆ. ಬಚ್ಚಲಿನಲ್ಲಿ ಎರಡು ಬ್ರಷ್ಷು. ಬಟ್ಟೆಯ ಕಪಾಟಿನಲ್ಲಿ ಮಗುವಿನ ಅಂಗಿ, ನನ್ನ ಸೀರೆ.

"ಅವರ ಸಾಮಾನು?"

"ಎಲ್ಲ ಕೊಟ್ಟು ಕಳಿಸಿದ್ದೇನೆ. ಈ ಕೆಂಪು ಚೀಲ ಒಂದು ಉಳಿದಿದೆ."

"ಗಂಡ ಹೆಂಡತಿಗೆ ಜಗಳವಾಗಿದೆಯೇ?"

ನನಗೆ ನಗು ಬಂತು. "ಜಗಳವಾಡುವ ಅಳಿಯ ಮನೆ ಬಿಟ್ಟು ಹೋಗುತ್ತಾನೆಯೇ ತಾಯಿ? ಗೌರವ ಇರುವವನು ಹೋಗುತ್ತಾನೆ. ಇದು ಸುಳ್ಳು ಮದುವೆಯಾಗಿದ್ದರೆ ಬಾಣಂತನಕ್ಕೆ ನಾನೇಕೆ ಬರುತ್ತಿದ್ದೆ?"

ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು ಎಂದು ನಾನು ನಿಜವಾಗಿಯೂ ನಂಬಿದ್ದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಇಬ್ಬರೂ ಬಾಗಿಲಲ್ಲಿ ಮಂಡಿಯೂರಿ ತಮ್ಮ ಶೂ ಧರಿಸಿ, ಬಾಗಿ, ಹೋದರು. ಕಿಟಕಿಯಿಂದ ನೋಡಿದೆ. ಇಬ್ಬರೂ ತಮ್ಮ ಕಾರಿಗೆ ಹೋಗದೆ ತನಾಬೆ-ಸಾನ್ ಅವರ ಮನೆಬಾಗಿಲಲ್ಲಿ ನಿಂತಿದ್ದರು.

ನಂದಿನಿ ಬಂದಾಗ ಗೆದ್ದವಳ ಹಾಗೆ ಎಲ್ಲ ಹೇಳಿದೆ. ಅವಳು ಮಗುವನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿದಳು. ಯೂಜಿ ಕೇಳಿ, ಒಂದು ವಿವರಣೆ ಬರೆದು ಕಳಿಸೋಣ, ಇಂದಿನಿಂದಲೇ ನಾನು ಮನೆಯಲ್ಲಿ ಮಲಗುತ್ತೇನೆ ಎಂದನಂತೆ. ಅದಕ್ಕೂ ನಾನೇ ಅಡ್ಡ ಬಂದೆ.

"ಬೇಡವೇ ಬೇಡ. ನಲವತ್ತು ದಿನ ಇಲ್ಲ ಅಂತ ನಾನು ಹೇಳಿದೀನಿ. ಅವರು ಹೋದ ಗಳಿಗೇಲೇ ಬಂದುಬಿಟ್ರೆ ಏನನ್ನಿಸುತ್ತೆ? ಹೆದರಿ ನಾಟಕ ಆಡ್ತಿದಾರೆ ಅಂತ. ಹೇಳಿಕೆ ಬದಲಾಗ್ಬಾರದು ನಂದು. ಹೇಳಿಕೆ ಬದಲಾದ ಫೈಲು ಉಳಿಯಲ್ಲ. ಮೂವತ್ತೊಂದು ವರ್ಷ ನೋಡಿದೀನಿ."

ವಿವರಣೆ ಬರೆದು ಕಳಿಸಿದರು. ಯೂಜಿ ಹೊರಗೇ ಮಲಗಿದ. ನವೆಂಬರ್ ಮುಗಿಯುತ್ತ ಬಂದು, ಗುಡುಗಿನ ಜೊತೆ ಆಲಿಕಲ್ಲು ಬೀಳತೊಡಗಿತ್ತು.

ಅರವತ್ತೊಂಬತ್ತನೆಯ ದಿನ

ಶನಿವಾರ ಅಂಚೆಯಲ್ಲಿ ಕವರು ಬಂತು. ತೆಳ್ಳಗಿತ್ತು. ತೆಗೆಯುವ ಮುಂಚೆಯೇ ನನಗೆ ಗೊತ್ತಾಯಿತು. ಅರ್ಜಿಯನ್ನು ಮಾನ್ಯ ಮಾಡಲಾಗಿಲ್ಲ.

ನಂದಿನಿ ಓದಿ ಮಡಿಸಿ ಮೇಜಿನ ಮೇಲಿಟ್ಟಳು. ಅವಳು ಅಳದೇ ಇದ್ದದ್ದು ನೋಡಿ ನನಗೇ ಹುರುಪು ಬಂತು. ಬಿದ್ದ ಫೈಲನ್ನು ಎತ್ತಿ ನಿಲ್ಲಿಸುವ ದಾರಿ ನನಗೆ ಗೊತ್ತಿಲ್ಲವೇ?

"ಒಂದು ಕೆಲಸ ಮಾಡು. ಅವರ ಕಂಪನಿ ರೂಮಿನವರ ಹತ್ರ ಒಂದು ಸರ್ಟಿಫಿಕೇಟ್ ತರ್ಲಿ. ಇಂಥ ದಿನದಿಂದ ಇಂಥ ದಿನದ ತನಕ, ಹೆಂಡ್ತಿ ಬಾಣಂತನದ ನಿಮಿತ್ತ ತಾತ್ಕಾಲಿಕವಾಗಿ ಇಲ್ಲಿದ್ರು ಅಂತ. ಸೀಲು ಇರ್ಲಿ."

"ಯಾವ ಕಂಪನಿ ರೂಮಮ್ಮ?"

"ಅದೇ, ಅವರು ಮಲಗೋದು..."

"ಕಾರಲ್ಲಿ ಮಲಗ್ತಿದಾರೆ. ಕೆಳಗೆ, ಪಾರ್ಕಿಂಗಲ್ಲಿ. ಮೊದಲನೇ ದಿನದಿಂದ."

ನನಗೆ ಅರ್ಥವಾಗಲಿಲ್ಲ. ರೂಮು ಸಿಗಲಿಲ್ಲವೇ ಎಂದೆ.

"ಸಿಕ್ಕಿತ್ತು. ಹನ್ನೆರಡು ಕಿಲೋಮೀಟರ್ ದೂರ. ಅವರು ಹೋಗಲಿಲ್ಲ. ಆ ದೊಡ್ಡ ಭೂಕಂಪ, ಸುನಾಮಿ ಆದಾಗ ಅವರು ಟೋಕಿಯೋದಲ್ಲಿ ಕೆಲ್ಸದಲ್ಲಿದ್ರು. ಅವರಮ್ಮ ಊರಲ್ಲಿ ಒಬ್ರೇ ಇದ್ರು, ಸಮುದ್ರದ ಪಕ್ಕ. ದಾರಿ ಸಿಕ್ಕಿ ಇವರು ಹೋಗಿ ಸೇರೋಕೆ ಐದು ದಿನ ಆಯ್ತು. ಅಷ್ಟೊತ್ತಿಗೆ ಅವರಮ್ಮ ಇರ್ಲಿಲ್ಲ. ಅವತ್ತಿಂದ ಮನೆಯವರಿಗೆ ಓಡಿ ತಲುಪೋಕಾಗದಷ್ಟು ದೂರ ಇವರು ಒಂದಿನವೂ ಮಲಗಿಲ್ಲ."

ಅವನ ತಾಯಿ ಭೂಕಂಪದ ವರ್ಷ ತೀರಿಕೊಂಡರೆಂದು ನನಗೆ ಗೊತ್ತಿತ್ತು. ಮದುವೆ ಮಾತುಕತೆಯಲ್ಲಿ ಹೇಳಿದ್ದರು. ಅತ್ತೆಯ ಕಾಟವಿಲ್ಲ ಎಂದು ಒಳಗೊಳಗೆ ಸಮಾಧಾನಪಟ್ಟುಕೊಂಡವಳು ನಾನು.

"ನನಗೆ ಒಂದು ಮಾತು ಹೇಳ್ಬಾರ್ದಿತ್ತೇನೇ?"

"ಅಮ್ಮನಿಗೆ ಬೇಜಾರಾಗುತ್ತೆ, ಅವರಿಲ್ಲಿ ಇರೋದೇ ತೊಂಬತ್ತು ದಿನ ತಾನೇ ಅಂತ ಅವರು ಬೇಡ ಅಂದ್ರು. ಆದ್ರೂ ಒಂದ್ಸಲ ಹೇಳೋಕೆ ಬಂದೆ. ನೀನು 'ನಿಮ್ಮಪ್ಪ' ಅಂತ ಶುರು ಮಾಡ್ದೆ."

ಈಗ ಅವಳು ಅತ್ತಳು. ನಾನು ಬೆನ್ನು ಸವರಲು ಹೋದರೆ ಕೈ ಸರಿಸಿದಳು.

ಯೂಜಿ ಅಂಗಡಿಗೆ ನಡೆದು ಹೋಗಿದ್ದ. ನಾನು ಕೆಳಗಿಳಿದು ಕಾರಿನ ಗಾಜಿಗೆ ಮುಖವಿಟ್ಟು ನೋಡಿದೆ. ಹಿಂದಿನ ಸೀಟು ಮಡಿಸಿ ಹಾಸಿದ್ದ ತೆಳುವಾದ ಹಾಸಿಗೆ, ಎರಡು ಕಂಬಳಿ, ನಾನು ತುಂಬಿಕೊಟ್ಟ ಎರಡು ಬ್ಯಾಗು. ಒಂದು ಲೋಟದಲ್ಲಿ ಬ್ರಷ್ಷು. ಅಷ್ಟು ಎತ್ತರದ ಆಳು ಅಲ್ಲಿ ಕಾಲು ಚಾಚುವಂತೆಯೇ ಇರಲಿಲ್ಲ. ನಾನು ದಿನಾ ಸಂಜೆ ಏಳಕ್ಕೆ ಪರದೆ ಎಳೆದು, ಬಾಣಂತಿಗೆ ಗಾಳಿ ತಾಕದಿರಲಿ ಎಂದು ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಿದ್ದೆ.

ಅವನು ಬಂದಾಗ ಅಲ್ಲೇ ನಿಂತಿದ್ದೆ. ಸುಮಿಮಾಸೆನ್ ಎಂದೆ. ಬಸ್ಸಿನಲ್ಲಿ ಕಾಲು ತುಳಿದವರೂ ಅದನ್ನೇ ಅನ್ನುತ್ತಾರೆ. ಅವನು ಗಾಬರಿಯಾಗಿ ನನಗಿಂತ ತಗ್ಗಿ ಬಾಗಿದ. ಬ್ಯಾಗೊಂದನ್ನು ನಾನೇ ಎತ್ತಿಕೊಂಡೆ. ಮೆಟ್ಟಿಲು ಹತ್ತುವಾಗ ಅವನು ಕೇಳಿದ, "ಅಮ್ಮ, ಊಟ ಆಯ್ತಾ?"

ತನಾಬೆ-ಸಾನ್ ಮರುದಿನ ಒಂದು ಚೀಲ ಹಣ್ಣು ತಂದುಕೊಟ್ಟು ಬಾಗಿ ಹೋದರು. ಗಂಡ ಮನೆಯಲ್ಲಿ ಮಲಗುತ್ತಾರೆಯೇ ಎಂದು ಕೇಳಿದವರಿಗೆ ಅವರು ಕಂಡದ್ದನ್ನು ಹೇಳಿದ್ದರು: ಕಾರಿನಲ್ಲಿ ಮಲಗುತ್ತಾರೆ. ನಮ್ಮ ಬೀದಿಯಾಗಿದ್ದರೆ, ಗಂಡ ಹೆಂಡತಿ ಹಾಲು ಸಕ್ಕರೆ ಹಾಗಿದ್ದಾರೆ ಸ್ವಾಮಿ ಎಂದು ನಾಲ್ಕು ಮನೆಯವರು ಕೇಳದೆಯೇ ಸಾಕ್ಷಿ ನುಡಿಯುತ್ತಿದ್ದರು. ಸುಳ್ಳು ಹೇಳುವ ನೆರೆಹೊರೆಯ ಬೆಲೆ ನನಗೆ ಅಂದು ತಿಳಿಯಿತು. ಆ ಹಣ್ಣನ್ನು ನಾನು ತಿನ್ನಲಿಲ್ಲ.

ಕಚೇರಿ

ಕಾರಣ ಕೇಳಲು ಒಂದು ಸಲ ಹೋಗಬಹುದಂತೆ. ಮೂವರೂ ಹೋದೆವು, ಮಗುವನ್ನೂ ಎತ್ತಿಕೊಂಡು. ಪುಟ್ಟ ಕೋಣೆ. ಐವತ್ತರ ಆಸುಪಾಸಿನ ಅಧಿಕಾರಿ. ನಾನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಎದ್ದು, ಪಕ್ಕದ ಕೋಣೆಗೆ ಹೋಗಿ, ಕುರ್ಚಿಯೊಂದನ್ನು ತಾನೇ ಎತ್ತಿ ತಂದು ನನಗಾಗಿ ಇಟ್ಟ. ಒಕಾಸಾನ್, ಅಂದರೆ ತಾಯಿ, ಕುಳಿತುಕೊಳ್ಳಿ ಎಂದ.

ಕುಳಿತು ಎಲ್ಲ ಹೇಳಿದೆ. ನಂದಿನಿ ಒಂದೊಂದೇ ಮಾತನ್ನು ಜಪಾನೀಯಲ್ಲಿ ಇಟ್ಟಳು. ಹಸಿ ಮೈ, ಮೂರು ತಿಂಗಳು, ನನ್ನ ತಾಯಿ, ನನ್ನ ಅಜ್ಜಿ. ತಪ್ಪು ನನ್ನದು, ಇವರಿಬ್ಬರದಲ್ಲ. ಅಧಿಕಾರಿ ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಹೇಳಿದ ಮಾತನ್ನು ನಂದಿನಿ ನನಗೆ ತಿರುಗಿಸಿ ಹೇಳುವಾಗ ಅವಳ ದನಿ ಸಣ್ಣಗಿತ್ತು.

"ಹೆರಿಗೆಗೆ ಹೆಂಡ್ತಿ ತವರಿಗೆ ಹೋಗೋ ಪದ್ಧತಿ ನಮ್ಮಲ್ಲೂ ಇದೆ ಅಂತಿದಾರೆ. ಅವರ ಹೆಂಡ್ತೀನೂ ಹೋಗಿದ್ರಂತೆ. ನಾನು ಇಂಡಿಯಾಗೆ ಹೋಗಿ ಬಂದಿದ್ರೆ ಅದು ಅವರಿಗೆ ಅರ್ಥ ಆಗ್ತಿತ್ತಂತೆ. ಗಂಡ ತನ್ನ ಸಾಮಾನೆಲ್ಲ ತಗೊಂಡು ಮನೆ ಬಿಟ್ಟು ಕಾರಲ್ಲಿ ಎರಡು ತಿಂಗಳು ಇರೋದು, ತನಿಖೆಗೆ ಬಂದುಹೋದ ಮೇಲೂ ವಾಪಸ್ ಬರದೇ ಇರೋದು, ಅದನ್ನ ಒಟ್ಟಿಗೆ ಬಾಳೋದು ಅಂತ ಬರ್ಕೊಳ್ಳೋಕೆ ಆಗಲ್ವಂತೆ."

ಅರ್ಜಿಗಾಗಿ ಅವಳು ತವರಿಗೆ ಬರಲಿಲ್ಲ. ಬಂದಿದ್ದರೆ ಅರ್ಜಿ ಉಳಿಯುತ್ತಿತ್ತು. ತನಿಖೆಯ ದಿನವೇ ಅಳಿಯ ಒಳಗೆ ಬಂದಿದ್ದರೂ ಒಂದಿಷ್ಟು ಉಳಿಯುತ್ತಿತ್ತೇನೋ. ಹೇಳಿಕೆ ಬದಲಾಗಬಾರದೆಂದು ಬಾಗಿಲು ಹಾಕಿದವಳು ನಾನು.

ಅಧಿಕಾರಿ ಇನ್ನೊಂದು ಪ್ರಶ್ನೆ ಕೇಳಿದ. ತಾಯಿ ಹೇಳುವ ಪದ್ಧತಿಗೆ ಯಾವುದಾದರೂ ದಾಖಲೆ ಇದೆಯೇ? ಒಂದು ಕಾಗದ, ಒಂದು ಪ್ರಮಾಣಪತ್ರ?

ನಾನು ನಂದಿನಿಯ ಮುಖ ನೋಡಿದೆ. ನಮ್ಮಜ್ಜಿ ನಮ್ಮಮ್ಮನಿಗೆ, ನಮ್ಮಮ್ಮ ನನಗೆ ಬಾಯಲ್ಲಿ ಹೇಳಿಕೊಟ್ಟದ್ದಕ್ಕೆ ಎಲ್ಲಿಯ ಸೀಲು? ಇಲ್ಲ ಎಂದೆ. ಅವನು ವಿಷಾದದಿಂದ ತಲೆ ಬಾಗಿಸಿದ. ಮತ್ತೆ ಅರ್ಜಿ ಹಾಕಬಹುದು, ಆದರೆ ಅದಕ್ಕೆ ಮುಂಚೆ ಈಗಿರುವ ವೀಸಾ ನವೀಕರಣವಾಗಬೇಕು, ಒಟ್ಟಿಗೆ ಬಾಳುತ್ತಿರುವ ಪುರಾವೆ ಕೂಡಿಸುತ್ತ ಬನ್ನಿ, ಫೋಟೋಗಳಿದ್ದರೆ ಒಳ್ಳೆಯದು ಎಂದ. ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ಒರಟಾಗಿ ಮಾತಾಡಿದ್ದರೆ ಬೈದುಕೊಂಡಾದರೂ ಹೋಗುತ್ತಿದ್ದೆ.

ಮತ್ತೆ ಕೊಮಾತ್ಸು, ಆಮೇಲೆ ಮೈಸೂರು

ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಯೂಜಿ ನನ್ನ ಪೆಟ್ಟಿಗೆಗೆ ದಾರ ಕಟ್ಟಿಕೊಟ್ಟ. ನಂದಿನಿ ಮಗುವನ್ನು ನನ್ನ ತೋಳಿಗೆ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ವಾಪಸ್ ತೆಗೆದುಕೊಂಡಳು.

"ಅಮ್ಮ, ಇನ್ನೊಂದು ಮಗು ಆದ್ರೆ..."

"ಹೇಳು."

"ನೀನು ಬರ್ಬೇಡಮ್ಮ. ನಾವೇ ನೋಡ್ಕೋತೀವಿ."

ಸಿಟ್ಟಿನಲ್ಲಿ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಆಗಲಿ ಎಂದೆ.

ನಂತರ ನವೀಕರಣವಾಯಿತು. ಮುಂಚೆ ಮೂರು ವರ್ಷಕ್ಕೆ ಕೊಡುತ್ತಿದ್ದದ್ದನ್ನು ಈಗ ಒಂದೇ ವರ್ಷಕ್ಕೆ ಕೊಟ್ಟಿದ್ದಾರೆ. ಅದು ಮುಗಿದ ಮೇಲೆ ಇನ್ನೊಂದು ವರ್ಷ. ಮತ್ತೆ ಮೂರು ವರ್ಷದ್ದು ಸಿಗುವವರೆಗೂ ಪರ್ಮನೆಂಟಿನ ಅರ್ಜಿ ಹಾಕುವಂತಿಲ್ಲ. ನನ್ನ ಮಗಳು ಇಂದಿಗೂ ಆ ಷರತ್ತಿನ ಮೇಲೆಯೇ ಹೆಂಡತಿ. ಮೊಮ್ಮಗಳು ನಡೆಯಲು ಕಲಿತಿದ್ದಾಳೆ.

ಪ್ರತಿ ಭಾನುವಾರ ನಂದಿನಿ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಕಳಿಸುತ್ತಾಳೆ. ಫೈಲಿಗೆಂದು ತೆಗೆದದ್ದನ್ನೇ ನನಗೂ ಕಳಿಸುವುದು. ಊಟದ ಮೇಜಿನ ಮುಂದೆ ಇಬ್ಬರೂ, ಬಾಗಿಲಲ್ಲಿ ಇಬ್ಬರೂ, ಹಿಮದಲ್ಲಿ ಇಬ್ಬರೂ, ನಡುವೆ ಮಗು. ಮೂಲೆಯಲ್ಲಿ ತಾರೀಖು. ಮೊದಲೆಲ್ಲ ಫೋಟೋ ಎಂದರೆ ಅವಳು ನಾಲಿಗೆ ಚಾಚುತ್ತಿದ್ದಳು, ಅವನು ಬೇರೆಲ್ಲೋ ನೋಡುತ್ತಿದ್ದ. ಈಗ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ, ಕ್ಯಾಮೆರಾವನ್ನೇ ನೋಡುತ್ತ, ಅಳತೆಗೆ ನಗುತ್ತಾರೆ.

ಆ ಮುಖ ನನಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ನನ್ನ ಮೇಜಿನ ಮುಂದೆ ಗಂಡ ಹೆಂಡತಿಯರು ಅದೇ ಮುಖ ಹೊತ್ತು, ಕೈಯಲ್ಲಿ ಫೋಟೋ ಹಿಡಿದು ನಿಲ್ಲುತ್ತಿದ್ದರು. ವಿಳಾಸ ಹೊಂದಲಿಲ್ಲವೆಂದು, ಸಾಕ್ಷಿ ಸಾಲದೆಂದು, ಮುಖ ಎತ್ತದೆಯೇ ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ. ಅವರಲ್ಲಿ ಒಬ್ಬರಿಗಾದರೂ ಕುಳಿತುಕೊಳ್ಳಿ ಎಂದ ನೆನಪು ನನಗಿಲ್ಲ.